ಸೀಸ ಇಲ್ಲದ ಫಿಟ್ಟಿಂಗ್ ಮೇಲೆ ಸೀಸದ ಎಚ್ಚರಿಕೆ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಹತ್ತಿರ, ನಲ್ಲಿ, ಪೈಪು, ಫಿಟ್ಟಿಂಗ್ ಮಾರುವ ಅಂಗಡಿಯೊಂದರ ಕೌಂಟರಿನಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಈ ಕಡೆ ಕನ್ನಡದವರು ಜಾಸ್ತಿ. ಶನಿವಾರ ಬಂತೆಂದರೆ ಯಾರಾದರೊಬ್ಬರು ಪೊಟ್ಟಣ ತಿರುಗಿಸಿ ತೋರಿಸಿ ಅದೇ ಪ್ರಶ್ನೆ ಕೇಳುತ್ತಾರೆ. ರಾತ್ರಿ ಫೋನ್ ಮಾಡಿ ಕೇಳುವ ಸ್ನೇಹಿತರೂ ಇದ್ದಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಬಸುರಿ ಹೆಂಗಸರಿದ್ದರೆ ದಯವಿಟ್ಟು ಪೂರ್ತಿ ಓದಿ.

ಪೊಟ್ಟಣದ ಮುಂದೆ "ಲೆಡ್ ಫ್ರೀ" ಅಂತಿದೆ. ಹಿಂದೆ "ಸೀಸ, ಎಚ್ಚರಿಕೆ" ಅಂತಿದೆ. ಯಾವುದನ್ನು ನಂಬಲಿ?

ಎರಡೂ ನಿಜ. ಕಾನೂನು ಎರಡು, ಲೆಕ್ಕವೂ ಎರಡು.

"ಲೆಡ್ ಫ್ರೀ" ಅನ್ನುವುದು ಅಮೆರಿಕದ ಕೇಂದ್ರ ಸರ್ಕಾರದ ಕುಡಿಯುವ ನೀರಿನ ಕಾನೂನಿನ ಮಾತು. ನೀರು ತಾಗುವ ಲೋಹದಲ್ಲಿ ನೂರಕ್ಕೆ ಎಷ್ಟು ಪಾಲು ಸೀಸ ಇದೆ ಎಂದು ಅದು ನೋಡುತ್ತದೆ. ಹಿಂದಿನ ಚೀಟಿ ಕ್ಯಾಲಿಫೋರ್ನಿಯಾ ರಾಜ್ಯದ್ದು. ಎಲ್ಲರೂ ಪ್ರಾಪ್ 65 ಅಂತ ಕರೆಯುವ ಕಾನೂನು ಅದು. ಲೋಹದಲ್ಲಿ ಎಷ್ಟಿದೆ ಅನ್ನುವುದು ಅದಕ್ಕೆ ಮುಖ್ಯವಲ್ಲ. ಆ ವಸ್ತುವಿನಿಂದ ಒಬ್ಬ ಮನುಷ್ಯನ ಮೈಗೆ ದಿನಕ್ಕೆ ಎಷ್ಟು ಸೇರಬಹುದು ಎಂದು ಅದು ಕೇಳುತ್ತದೆ. ಮೊದಲನೆಯದರಲ್ಲಿ ಚೆನ್ನಾಗಿ ಪಾಸಾದ ಫಿಟ್ಟಿಂಗಿಗೂ ಎರಡನೆಯ ಕಾನೂನು ಚೀಟಿ ಅಂಟಿಸಬಹುದು. ಹೆಚ್ಚಿನ ಸಲ ಆಗುವುದು ಹಾಗೇ.

ಹಾಗಾದರೆ ಲೆಡ್ ಫ್ರೀ ಅಂದರೆ ಸೀಸ ಸೊನ್ನೆ ಅಂತಲ್ವಾ?

ಅಲ್ಲ. ನೀರು ತಾಗುವ ಮೈಯೆಲ್ಲ ಸೇರಿಸಿ ಸರಾಸರಿ ತೆಗೆದರೆ ಸೀಸ 0.25%ಕ್ಕಿಂತ ಹೆಚ್ಚಿರಬಾರದು ಅಂತ ಅರ್ಥ. ಬೆಸುಗೆಗೆ 0.2%. ಈ ಲೆಕ್ಕ ದೇಶಕ್ಕೆಲ್ಲ ಜಾರಿಗೆ ಬಂದಿದ್ದು 2014ರ ಜನವರಿ 4ರಂದು. ಕ್ಯಾಲಿಫೋರ್ನಿಯಾ ಅದಕ್ಕೂ ನಾಲ್ಕು ವರ್ಷ ಮೊದಲೇ, 2010ರಲ್ಲೇ ಇದನ್ನು ತಂದಿತ್ತು.

ಅದಕ್ಕೂ ಹಿಂದಿನ ಲೆಕ್ಕ ಕೇಳಿದರೆ ಜನ ಬೆಚ್ಚಿಬೀಳುತ್ತಾರೆ. 1986ರ ಕಾನೂನಿನ ಪ್ರಕಾರ 8% ಸೀಸ ಇದ್ದ ಪೈಪು, ಫಿಟ್ಟಿಂಗ್ ಕೂಡ "ಲೆಡ್ ಫ್ರೀ". ನೂರು ಗ್ರಾಂ ಹಿತ್ತಾಳೆಯಲ್ಲಿ ಎಂಟು ಗ್ರಾಂ ಸೀಸ ಇದ್ದರೂ ಅದೇ ಹೆಸರು. ಹಾಗಾಗಿ 1995ರಲ್ಲಿ ಕಟ್ಟಿದ ಮನೆಗೆ "ಆಗಲೇ ಲೆಡ್ ಫ್ರೀ ಹಾಕಿದ್ದಾರೆ" ಎಂದು ಯಾರಾದರೂ ಹೇಳಿದರೆ, ಆ ಮಾತನ್ನು ಇವತ್ತಿನ ಅರ್ಥದಲ್ಲಿ ತೆಗೆದುಕೊಳ್ಳಬೇಡಿ.

ಹಿತ್ತಾಳೆಗೆ ಸೀಸ ಹಾಕುವುದಾದರೂ ಯಾಕೆ?

ಲೇತ್ ಮೆಷಿನ್ ಮೇಲೆ ಒಮ್ಮೆ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಸೀಸ ಇರುವ ಹಿತ್ತಾಳೆಯನ್ನು ಕಡೆಯುವಾಗ ಚೂರು ಸಣ್ಣ ಸಣ್ಣದಾಗಿ, ರವೆಯ ಹಾಗೆ ಉದುರುತ್ತದೆ. ಸೀಸ ಇಲ್ಲದ್ದು ಉದ್ದುದ್ದ ಸುರುಳಿಯಾಗಿ ಬಂದು ಉಳಿಗೆ ಸುತ್ತಿಕೊಳ್ಳುತ್ತದೆ. ಪ್ರತಿ ಸಲ ಮೆಷಿನ್ ನಿಲ್ಲಿಸಿ ಬಿಡಿಸಬೇಕು. ತಾಮ್ರ, ಸತುವಿನ ಜೊತೆ ಸೀಸ ಕರಗಿ ಒಂದಾಗುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಲೋಹದ ತುಂಬ ಹರಡಿಕೊಂಡು ಕೂರುತ್ತದೆ. ಉಳಿ ಆ ಹನಿಗೆ ತಾಗಿದ ಕಡೆ ಚೂರು ಮುರಿಯುತ್ತದೆ. ಎರಕ ಹೊಯ್ಯುವಾಗ ಉಳಿಯುವ ಸಣ್ಣ ತೂತುಗಳನ್ನೂ ಅದೇ ತುಂಬುತ್ತದೆ, ನೀರು ಜಿನುಗುವುದಿಲ್ಲ. ಮೆಷಿನ್ ಕೆಲಸಕ್ಕೆ ಬಳಸುವ ಸಾಮಾನ್ಯ ಹಿತ್ತಾಳೆಯಲ್ಲಿ ಸೀಸ ಸುಮಾರು 3% ಇರುತ್ತದೆ.

ತೊಂದರೆ ಇರುವುದೂ ಅಲ್ಲೇ. ಕಡೆದ ಮೇಲೆ ಆ ಹನಿಗಳಲ್ಲಿ ಎಷ್ಟೋ ನೀರು ಹರಿಯುವ ಒಳಮೈಯಲ್ಲೇ ತೆರೆದುಕೊಂಡಿರುತ್ತವೆ. ಹೊಸ ಫಿಟ್ಟಿಂಗಿನಿಂದ ಮೊದಲ ದಿನಗಳಲ್ಲಿ ಸೀಸ ಹೆಚ್ಚು ಬಿಡುವುದಕ್ಕೆ ಇದೂ ಒಂದು ಕಾರಣ.

ಈಗ ಸೀಸದ ಜಾಗಕ್ಕೆ ಸಿಲಿಕಾನ್ ಅಥವಾ ಬಿಸ್ಮತ್ ಬಂದಿದೆ. ಕಡೆಯುವ ಕೆಲಸ ಕಷ್ಟ, ಬೆಲೆ ಸ್ವಲ್ಪ ಜಾಸ್ತಿ. ಕೆಲಸಕ್ಕೆ ಏನೂ ಕಮ್ಮಿ ಇಲ್ಲ.

ಪ್ರಾಪ್ 65 ಅಂದರೆ ಏನು? ಸುಮ್ನೆ ಹೆದರಿಸುವ ಕಾನೂನಾ?

ಹಾಗೆ ಅನ್ನಬೇಡಿ. ಕ್ಯಾಲಿಫೋರ್ನಿಯಾದ ಜನ 1986ರ ನವೆಂಬರಿನಲ್ಲಿ ವೋಟು ಹಾಕಿ ತಂದ ಕಾನೂನು ಇದು. ಅದರ ಪೂರ್ತಿ ಹೆಸರೇ ಶುರುವಾಗುವುದು "ಸುರಕ್ಷಿತ ಕುಡಿಯುವ ನೀರು" ಎಂಬ ಮಾತಿನಿಂದ. ಕುಡಿಯುವ ನೀರಿನ ಮೂಲಕ್ಕೆ ವಿಷ ಬಿಡಬಾರದು ಅನ್ನುವುದು ಒಂದು ಭಾಗ. ವಿಷ ತಾಗುವ ಹಾಗಿದ್ದರೆ ಜನರಿಗೆ ಮುಂಚೆಯೇ ಹೇಳಬೇಕು ಅನ್ನುವುದು ಇನ್ನೊಂದು ಭಾಗ. ಚೀಟಿ ಎಲ್ಲ ಕಡೆ ಅಂಟಿಸಿದ್ದರಿಂದ ಎರಡನೆಯದು ಮಾತ್ರ ಜನರ ನೆನಪಿನಲ್ಲಿ ಉಳಿದಿದೆ.

ನಲ್ಲಿಯ ವಿಷಯದಲ್ಲಿ ಈ ಕಾನೂನು ನಿಜಕ್ಕೂ ದೊಡ್ಡ ಕೆಲಸ ಮಾಡಿದೆ. 1990ರ ದಶಕದಲ್ಲಿ ರಾಜ್ಯದ ಅಟಾರ್ನಿ ಜನರಲ್ ನಲ್ಲಿ ತಯಾರಿಸುವ ಕಂಪನಿಗಳ ಮೇಲೆ ಕೇಸು ಹಾಕಿದರು. ನಲ್ಲಿಯೊಳಗೆ ನಿಂತ ನೀರು "ಕುಡಿಯುವ ನೀರಿನ ಮೂಲ" ಹೌದೋ ಅಲ್ಲವೋ ಅನ್ನುವ ಪ್ರಶ್ನೆ ಬಂತು. ಹೌದು ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಕಂಪನಿಗಳು ರಾಜಿಗೆ ಬಂದು ಸೀಸ ಇಳಿಸಿದವು. ಒಂದು ರಾಜ್ಯಕ್ಕೆ ಬೇರೆ ನಲ್ಲಿ, ಉಳಿದ ದೇಶಕ್ಕೆ ಬೇರೆ ನಲ್ಲಿ ಮಾಡುವುದು ಕಷ್ಟ ಅಲ್ವಾ? ಅದರ ಲಾಭ ಬೇರೆ ರಾಜ್ಯದವರಿಗೂ ಸಿಕ್ಕಿತು.

ಹಾಗಿದ್ದರೆ ಎಲ್ಲದರ ಮೇಲೂ ಅದೇ ಚೀಟಿ ಯಾಕೆ?

ಲೆಕ್ಕ ಮಾಡಿ ನೋಡೋಣ.

ಹುಟ್ಟುವ ಮಗುವಿಗೆ ಕೆಡುಕಾಗುವ ವಸ್ತುಗಳಿಗೆ ಪ್ರಾಪ್ 65 ಒಂದು ಕಟ್ಟುನಿಟ್ಟಿನ ನಿಯಮ ಇಟ್ಟಿದೆ. ಏನೂ ತೊಂದರೆ ಕಾಣದ ಪ್ರಮಾಣವನ್ನು ತೆಗೆದುಕೊಂಡು, ಅದರ ಸಾವಿರದಲ್ಲಿ ಒಂದು ಪಾಲಿಗೆ ಗೆರೆ ಎಳೆಯಬೇಕು. ಹಾಗೆ ಎಳೆದ ಗೆರೆ ಸೀಸಕ್ಕೆ ದಿನಕ್ಕೆ 0.5 ಮೈಕ್ರೋಗ್ರಾಂ. ಇನ್ನು ನೀರಿನ ಕಡೆ ಬನ್ನಿ. ಒಂದು ಲೀಟರಿನಲ್ಲಿ 1 ಮೈಕ್ರೋಗ್ರಾಂ ಸೀಸ ಇದೆ ಎಂದಿಟ್ಟುಕೊಳ್ಳಿ. ಅದು ತುಂಬ ಕಮ್ಮಿ. ಅಮೆರಿಕದಲ್ಲಿ ನೀರು ಸರಬರಾಜು ಮಾಡುವವರು ಕ್ರಮ ತೆಗೆದುಕೊಳ್ಳಲೇಬೇಕಾದ ಮಟ್ಟ 1991ರಿಂದ ಲೀಟರಿಗೆ 15 ಮೈಕ್ರೋಗ್ರಾಂ ಇತ್ತು, 2024ರ ಹೊಸ ನಿಯಮ ಅದನ್ನು 10ಕ್ಕೆ ಇಳಿಸಿತು. ನಮ್ಮ ನೀರು ಬರೀ 1. ಆದರೂ ದಿನಕ್ಕೆ ಎರಡು ಲೀಟರ್ ಕುಡಿದರೆ 2 ಮೈಕ್ರೋಗ್ರಾಂ. ಪ್ರಾಪ್ 65ರ ಗೆರೆಯ ನಾಲ್ಕರಷ್ಟು.

ಈಗ ಕಂಪನಿಯವರ ಜಾಗದಲ್ಲಿ ನಿಂತು ನೋಡಿ. "ನಮ್ಮ ಫಿಟ್ಟಿಂಗಿನಿಂದ 0.5ಕ್ಕಿಂತ ಜಾಸ್ತಿ ಹೋಗುವುದಿಲ್ಲ" ಎಂದು ಸಾಬೀತು ಮಾಡುವ ಭಾರ ಅವರ ಮೇಲೇ ಇದೆ. ಚೀಟಿ ಇಲ್ಲದೆ ಸಿಕ್ಕಿಬಿದ್ದರೆ ಒಂದೊಂದು ತಪ್ಪಿಗೆ ದಿನಕ್ಕೆ 2,500 ಡಾಲರ್ ತನಕ ದಂಡ. ಕೇಸು ಸರ್ಕಾರವೇ ಹಾಕಬೇಕು ಅಂತಿಲ್ಲ. 60 ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ಹಾಕಬಹುದು, ದಂಡದಲ್ಲಿ ಕಾಲು ಭಾಗ ಅವರಿಗೇ ಸಿಗುತ್ತದೆ. ಈ ಕೆಲಸವನ್ನೇ ಕಸುಬು ಮಾಡಿಕೊಂಡ ವಕೀಲರಿದ್ದಾರೆ. ಇನ್ನೊಂದು ಕಡೆ, ಬೇಕಿಲ್ಲದ ಕಡೆ ಚೀಟಿ ಅಂಟಿಸಿದರೆ ಕಂಪನಿಗೆ ಅಂಥ ಖರ್ಚೇನೂ ಇಲ್ಲ. ಪರೀಕ್ಷೆ ಮಾಡಿಸುವುದಕ್ಕೆ ದುಡ್ಡು ಬೇಕು, ಚೀಟಿಗೆ ಬೇಕಾಗುವುದು ಚೂರು ಶಾಯಿ.

ಹಾಗಾಗಿ ಕುಡಿಯುವ ನೀರಿನ ಒಳ್ಳೆಯ ಫಿಟ್ಟಿಂಗಿಗೂ ಚೀಟಿ, ತೋಟದ ಪೈಪಿಗೂ ಚೀಟಿ, ಪಾರ್ಕಿಂಗ್ ಜಾಗಕ್ಕೂ ಚೀಟಿ. ಈ ಕಾನೂನಿನ ಪಟ್ಟಿಯಲ್ಲಿ ಸುಮಾರು 900 ರಾಸಾಯನಿಕಗಳಿವೆ. ಕಾಫಿಗೂ ಎಚ್ಚರಿಕೆ ಹಾಕಬೇಕು ಎಂದು 2018ರಲ್ಲಿ ಒಂದು ಕೋರ್ಟ್ ಹೇಳಿತ್ತು. ಬೀಜ ಹುರಿಯುವಾಗ ಹುಟ್ಟುವ ಅಕ್ರಿಲಮೈಡ್ ಅದಕ್ಕೆ ಕಾರಣ. ಮರುವರ್ಷ ರಾಜ್ಯವೇ ನಿಯಮ ತಂದು ಕಾಫಿಯನ್ನು ಬಿಟ್ಟುಕೊಟ್ಟಿತು.

ಇನ್ನೊಂದು ವಿಷಯ ಕೇಳಿ. ಹತ್ತಕ್ಕಿಂತ ಕಮ್ಮಿ ಜನ ಕೆಲಸ ಮಾಡುವ ಅಂಗಡಿ, ಕಾರ್ಖಾನೆಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಸರ್ಕಾರಿ ಕಚೇರಿಗಳಿಗೂ, ಊರಿಗೆ ನೀರು ಕೊಡುವ ಸಾರ್ವಜನಿಕ ವ್ಯವಸ್ಥೆಗೂ ಇಲ್ಲ. ಅಂದರೆ ಚೀಟಿ ಇಲ್ಲ ಎಂದ ಮಾತ್ರಕ್ಕೆ ವಸ್ತು ಒಳ್ಳೆಯದು ಎಂದು ತಿಳಿಯುವ ಹಾಗಿಲ್ಲ.

ಎಚ್ಚರಿಕೆ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ? ನಷ್ಟ ಏನು?

ನಷ್ಟ ಇದೆ. ನಮ್ಮ ಮನೆಯಲ್ಲೇ ಆಗಿದೆ.

2019ರಲ್ಲಿ ಅಡುಗೆಮನೆ ರಿಪೇರಿ ಮಾಡಿಸಿದೆವು. ನಮ್ಮ ಮಗಳಿಗೆ ಆಗ ಒಂದೂವರೆ ವರ್ಷ. ಕೆಲಸ ಮುಗಿದು ಎರಡು ತಿಂಗಳಾದ ಮೇಲೆ ಸಿಂಕಿನ ಕೆಳಗೆ ನೀರು ತೊಟ್ಟಿಕ್ಕಲು ಶುರುವಾಯಿತು. ಟಾರ್ಚ್ ಹಿಡಿದು ಬೆನ್ನ ಮೇಲೆ ಮಲಗಿ ಒಳಗೆ ನೋಡಿದೆ. ತಣ್ಣೀರಿನ ಪೈಪಿಗೆ ಕೂರಿಸಿದ್ದ ವಾಲ್ವ್ ನೋಡಿ ಎದೆ ಧಸಕ್ಕೆಂದಿತು. ಹಳದಿ ಹಿತ್ತಾಳೆ, ಹಿಡಿಕೆಯ ಕೆಳಗೆ ಕಂಪನಿಯ ಗುರುತು ಬಿಟ್ಟರೆ ಒಂದು ಅಕ್ಷರವೂ ಇಲ್ಲ. ತೋಟಕ್ಕೆ ನೀರು ಬಿಡಲು ಹಾಕುವ ವಾಲ್ವ್ ಅದು. ದಿನಾ ಕೈಯಲ್ಲಿ ಹಿಡಿಯುವ ಸಾಮಾನು, ಗುರುತು ಹತ್ತದೆ ಇರುತ್ತದೆಯೇ?

ಖಾಲಿ ಪೊಟ್ಟಣ ಅದೇ ಕಪಾಟಿನ ಮೂಲೆಯಲ್ಲಿ ಬಿದ್ದಿತ್ತು. ಎತ್ತಿಕೊಂಡು ಬೆಳಕಿಗೆ ಹಿಡಿದೆ. ಹಿಂಭಾಗದಲ್ಲಿ ಹಳದಿ ತ್ರಿಕೋನ, ಒಳಗೆ ಉದ್ಗಾರ ಚಿಹ್ನೆ, ದಪ್ಪ ಅಕ್ಷರದಲ್ಲಿ ಪ್ರಾಪ್ 65ರ ಎಚ್ಚರಿಕೆ. ಅದರ ಕೆಳಗೆ, ಬಾರ್‌ಕೋಡಿನ ಪಕ್ಕದಲ್ಲಿ, ಅಕ್ಕಿ ಕಾಳಿಗಿಂತ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಕುಡಿಯುವ ನೀರಿಗೆ ಬಳಸುವಂತಿಲ್ಲ.

ಓದಲೇಬೇಕಾಗಿದ್ದ ಸಾಲು ಅದೊಂದೇ. ಕೆಲಸ ಮಾಡಿದವನನ್ನು ಕರೆಸಿ ಕೇಳಿದೆ. ಅವನು ಮೋಸಗಾರನೇನಲ್ಲ. ಎಲ್ಲ ಪೊಟ್ಟಣದ ಮೇಲೂ ಎಚ್ಚರಿಕೆ ಇರುತ್ತದೆ, ಆ ಹಿಂಭಾಗ ನೋಡುವುದನ್ನೇ ಬಿಟ್ಟು ವರ್ಷಗಳಾದವು ಅಂದ. ನನಗೆ ಸಿಟ್ಟು ಬಂತು. ಆದರೆ ಅವನು ಹೇಳಿದ್ದು ನಿಜ. ಒಳ್ಳೆಯ ವಾಲ್ವಿನ ಪೊಟ್ಟಣಕ್ಕೂ ಅದೇ ತ್ರಿಕೋನ, ಕೆಟ್ಟದ್ದಕ್ಕೂ ಅದೇ ತ್ರಿಕೋನ ಇದ್ದರೆ, ಅದು ಕಣ್ಣಿಗೆ ಬೀಳುವುದು ನಿಂತುಹೋಗುತ್ತದೆ. ಪಕ್ಕದಲ್ಲಿರುವ ನಿಜವಾದ ಮಾತೂ ಅದರ ಜೊತೆ ಮರೆಯಾಗುತ್ತದೆ.

ಅವತ್ತೇ ವಾಲ್ವ್ ಬದಲಾಯಿಸಿದೆ. ಮಗಳ ರಕ್ತ ಪರೀಕ್ಷೆ ಮಾಡಿಸಿದೆವು. ವರದಿ ಬರುವ ತನಕ ನನಗೂ ನನ್ನ ಹೆಂಡತಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ವರದಿಯಲ್ಲಿ ತೊಂದರೆ ಏನೂ ಇರಲಿಲ್ಲ. ಆ ಪೊಟ್ಟಣವನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಕೌಂಟರಿನಲ್ಲಿ ಈ ಪ್ರಶ್ನೆ ಬಂದಾಗ ಅದನ್ನೇ ತೆಗೆದು ತೋರಿಸುತ್ತೇನೆ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು?

ಕಾಗದಕ್ಕಿಂತ ಮೊದಲು ಲೋಹ ನೋಡಿ. ಒಳ್ಳೆಯ ಫಿಟ್ಟಿಂಗಿನ ಮೈಮೇಲೆ ಎಲ್‌ಎಫ್ (LF, ಲೆಡ್ ಫ್ರೀ) ಅಥವಾ ಎನ್‌ಎಲ್ (NL, ನೋ ಲೆಡ್) ಎಂದು ಎರಕದಲ್ಲೇ ಇರುತ್ತದೆ, ಇಲ್ಲವೇ ಕೊರೆದಿರುತ್ತಾರೆ. ಕಾಗದ ಹರಿದುಹೋದ ಮೇಲೂ ಆ ಅಕ್ಷರ ಇರುತ್ತದೆ. ಎಷ್ಟೋ ವರ್ಷ ಬಿಟ್ಟು ಇನ್ನೊಬ್ಬ ಪ್ಲಂಬರ್ ಬಂದು ಸಿಂಕಿನ ಕೆಳಗೆ ಟಾರ್ಚ್ ಹಿಡಿದಾಗ ಅವನಿಗೂ ಗೊತ್ತಾಗುತ್ತದೆ.

ಆಮೇಲೆ ಎರಡು ಸಂಖ್ಯೆ ಹುಡುಕಿ. ನೀರಿನ ಸಾಮಾನಿಗೆ ಮಾನದಂಡ ಮಾಡುವ, ಪರೀಕ್ಷೆ ಮಾಡುವ ಸಂಸ್ಥೆ ಎನ್‌ಎಸ್‌ಎಫ್ (NSF), ಅದರ ಮಾನದಂಡಗಳ ಸಂಖ್ಯೆ ಇವು. ಎನ್‌ಎಸ್‌ಎಫ್ 372 ಅಂದರೆ ಲೋಹದಲ್ಲಿರುವ ಸೀಸ 0.25%ದ ಒಳಗಿದೆ ಎಂದು ಅಳೆದಿದ್ದಾರೆ. ಎನ್‌ಎಸ್‌ಎಫ್ 61 ಅಂದರೆ ಫಿಟ್ಟಿಂಗಿನಲ್ಲಿ ನಿಜವಾಗಿ ನೀರು ತುಂಬಿಟ್ಟು, ಆ ನೀರಿಗೆ ಏನೇನು ಬಿಟ್ಟಿದೆ ಎಂದು ಪರೀಕ್ಷೆ ಮಾಡಿದ್ದಾರೆ. ನನಗೆ ಎರಡನೆಯದರ ಮೇಲೆ ಹೆಚ್ಚು ನಂಬಿಕೆ. ನಾವು ಕುಡಿಯುವುದು ನೀರನ್ನು ತಾನೇ? ಹಳೆಯ ದಾಸ್ತಾನಿನಲ್ಲಿ 61-ಜಿ ಎಂದಿದ್ದರೆ ಎರಡೂ ಪರೀಕ್ಷೆ ಆಗಿದೆ ಎಂದು ಅರ್ಥ. ಪರೀಕ್ಷೆ ಮಾಡಿದ ಸಂಸ್ಥೆಯ ಗುರುತು ಎನ್‌ಎಸ್‌ಎಫ್‌ದೇ ಆಗಬೇಕೆಂದಿಲ್ಲ. ಐಎಪಿಎಂಒ, ಯುಎಲ್, ಸಿಎಸ್‌ಎ ಗುರುತುಗಳೂ ಸರಿಯೇ.

ಅಡುಗೆಮನೆಯ ನಲ್ಲಿ ಕೊಳ್ಳುವಾಗ ಇನ್ನೊಂದು ನೋಡಿ. ಪೊಟ್ಟಣದ ಮೇಲೆ 61ರ ಪಕ್ಕದಲ್ಲಿ "ಕ್ಯೂ ≤ 1" ಎಂದಿರಬೇಕು. ಪರೀಕ್ಷೆಯಲ್ಲಿ ಬಿಟ್ಟ ಸೀಸ 1 ಮೈಕ್ರೋಗ್ರಾಂ ದಾಟಿಲ್ಲ ಎಂದು ಅದರ ಅರ್ಥ. ಮೊದಲು ಈ ಮಿತಿ 5 ಇತ್ತು. ಕುಡಿಯುವ ನೀರಿನ ನಲ್ಲಿಗಳಿಗೆ ಕ್ಯಾಲಿಫೋರ್ನಿಯಾ ಇದನ್ನು 2023ರಿಂದ ಕಡ್ಡಾಯ ಮಾಡಿದೆ. ನನ್ನ ಕೇಳಿದರೆ ಚೀಟಿ ಅಂದರೆ ಇದು. ಇದೂ ಸಣ್ಣ ಅಕ್ಷರವೇ, ಆದರೆ ಇದು ಎಲ್ಲದರ ಮೇಲೂ ಇರುವುದಿಲ್ಲ. ಪರೀಕ್ಷೆ ಪಾಸಾದದ್ದಕ್ಕೆ ಮಾತ್ರ ಸಿಗುತ್ತದೆ.

ಇಂಥ ನಲ್ಲಿಯ ಪೊಟ್ಟಣದ ಮೇಲೂ ಪ್ರಾಪ್ 65 ತ್ರಿಕೋನ ಕಾಣಬಹುದು. 1 ಮೈಕ್ರೋಗ್ರಾಂ ಮಿತಿ ದಾಟದಿದ್ದರೂ 0.5ರ ಗೆರೆ ದಾಟಿರಬಹುದಲ್ಲ. ಕ್ಯೂ ≤ 1 ಇದ್ದರೆ ಧೈರ್ಯವಾಗಿ ತಗೊಳ್ಳಿ.

ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಗುತ್ತದೆ. ತರಿಸಲಾ?

ಮೇಲೆ ಹೇಳಿದ ಗುರುತುಗಳು ಫೋಟೋದಲ್ಲಿ ಕಂಡರೆ ತರಿಸಿ. ಕಾಣದಿದ್ದರೆ ಕುಡಿಯುವ ನೀರಿಗೆ ಬೇಡ.

ಶವರ್, ಟಾಯ್ಲೆಟ್, ಹಿತ್ತಲಿನ ನಲ್ಲಿ?

ಶವರ್ ವಾಲ್ವ್, ಟಬ್ ತುಂಬಿಸುವ ನಲ್ಲಿ, ಟಾಯ್ಲೆಟ್ ಸಾಮಾನು, ತೋಟಕ್ಕೆ ಮಾತ್ರ ಬಳಸುವ ಫಿಟ್ಟಿಂಗ್, ಇವಕ್ಕೆ 0.25%ದ ನಿಯಮ ಇಲ್ಲ. ಸ್ನಾನ ಮಾಡಿದರೆ ಚರ್ಮದ ಮೂಲಕ ಸೀಸ ಮೈಗೆ ಹೋಗುವುದಿಲ್ಲ, ಹೆದರಬೇಡಿ. ಆದರೆ ಮಕ್ಕಳು ಹಿತ್ತಲಿನಲ್ಲಿ ಆಡುತ್ತಾ ಹೋಸ್ ಪೈಪಿಗೇ ಬಾಯಿ ಇಡುತ್ತಾರೆ. ಅದನ್ನು ಬಿಡಿಸಿ. ಕರಿಬೇವಿಗೆ, ಕೊತ್ತಂಬರಿಗೆ ಅದೇ ನೀರು ಹಾಕುವುದಾದರೆ ಒಂದರ್ಧ ನಿಮಿಷ ನೀರು ಹರಿಯಬಿಟ್ಟು ಆಮೇಲೆ ಹಾಕಿ.

ನಮ್ಮದು ಹಳೆಯ ಮನೆ. ಎಲ್ಲಾ ಪೈಪು ಕಿತ್ತು ಹಾಕಿಸಬೇಕಾ?

ಅವಸರ ಬೇಡ. ಮೊದಲು ನೀರು ಪರೀಕ್ಷೆ ಮಾಡಿಸಿ. ರಾತ್ರಿ ಕನಿಷ್ಠ ಆರು ಗಂಟೆ ನಲ್ಲಿ ಮುಟ್ಟದೆ ಬಿಟ್ಟು, ಬೆಳಗ್ಗೆ ಮೊದಲು ಬರುವ ಒಂದು ಲೀಟರ್ ಹಿಡಿದು ಲ್ಯಾಬಿಗೆ ಕೊಡಬೇಕು. ಆ ನೀರೇ ನಿಮ್ಮ ನಲ್ಲಿ, ವಾಲ್ವುಗಳ ಜೊತೆ ರಾತ್ರಿಯೆಲ್ಲ ಕೂತಿದ್ದ ನೀರು.

1986ಕ್ಕಿಂತ ಹಿಂದಿನ ಮನೆಯಾದರೆ ತಾಮ್ರದ ಪೈಪಿನ ಬೆಸುಗೆಯಲ್ಲಿ ಅರ್ಧ ತವರ, ಅರ್ಧ ಸೀಸ ಇರುವ ಸಾಧ್ಯತೆ ಇದೆ. ಶಿಕಾಗೊ ಕಡೆ ಇರುವವರು ರಸ್ತೆಯಿಂದ ಮನೆಗೆ ಬರುವ ಪೈಪನ್ನೂ ವಿಚಾರಿಸಿ. ಅಲ್ಲಿ 1986ರ ತನಕ ಸೀಸದ ಪೈಪನ್ನೇ ಹಾಕುತ್ತಿದ್ದರು. ಅಮೆರಿಕದಲ್ಲಿ ಅಂಥ ಪೈಪು ಅತಿ ಹೆಚ್ಚು ಇರುವ ಊರು ಅದೇ.

ಪರೀಕ್ಷೆಯ ಫಲಿತಾಂಶ ಬರುವ ತನಕ ಖರ್ಚಿಲ್ಲದ ಎರಡು ಕೆಲಸ ಮಾಡಿ. ನಲ್ಲಿಯ ತುದಿಯಲ್ಲಿರುವ ಜಾಲರಿ ಬಿಚ್ಚಿ ತೊಳೆಯಿರಿ. ಬಿಚ್ಚಿದಾಗ ಅಂಗೈ ಮೇಲೆ ಕಪ್ಪು ಪುಡಿ, ಬೆಸುಗೆಯ ಸಣ್ಣ ಚೂರು ಉದುರುವುದನ್ನು ನಾನೇ ನೋಡಿದ್ದೇನೆ. ಮತ್ತೆ ಬೆಳಗ್ಗೆ ಎದ್ದ ಕೂಡಲೇ ನೀರು ಹಿಡಿಯಬೇಡಿ. ತಣ್ಣಗೆ ಬರುವ ತನಕ ಹರಿಯಬಿಡಿ. ಆ ನೀರನ್ನು ಬಕೆಟ್ಟಿಗೆ ಹಿಡಿದು ಗಿಡಕ್ಕೆ ಹಾಕಿದರಾಯಿತು.

ಅಡುಗೆಗೆ ಬಿಸಿನೀರಿನ ನಲ್ಲಿ ಬಳಸಬಹುದಾ?

ಬೇಡ. ಇದನ್ನು ಮಾತ್ರ ಎಲ್ಲರಿಗೂ ಒತ್ತಿ ಹೇಳುತ್ತೇನೆ. ಬಿಸಿನೀರು ಸೀಸವನ್ನು ತಣ್ಣೀರಿಗಿಂತ ಬೇಗ ಕರಗಿಸಿಕೊಳ್ಳುತ್ತದೆ.

ಮಗಳು ಹುಟ್ಟಿದಾಗ ನಮ್ಮ ಅಮ್ಮ ಅರಸೀಕೆರೆಯಿಂದ ಬಂದಿದ್ದರು. ನಲ್ಲಿ ತಿರುಗಿಸಿದರೆ ಬಿಸಿನೀರು ಬರುವುದು ಅವರಿಗೆ ದೊಡ್ಡ ಅನುಕೂಲ. ಬೇಗ ಕುದಿಯಲಿ ಎಂದು ಸಾರಿಗೂ ಅದೇ, ಆರು ತಿಂಗಳಾದ ಮೇಲೆ ಮಗುವಿನ ರಾಗಿ ಸರಿಗೂ ಅದೇ. "ಅಮ್ಮಾ, ತಣ್ಣೀರು ಹಿಡಿದು ಒಲೆ ಮೇಲೆ ಕಾಯಿಸಿ" ಎಂದೆ. "ಎರಡೂ ಒಂದೇ ನೀರಲ್ವೇನೋ" ಅಂದರು. ಬಿಸಿನೀರು ಹೀಟರಿನಲ್ಲೂ ಪೈಪಿನಲ್ಲೂ ಕೂತು ಬರುತ್ತದೆ, ಲೋಹದ ಅಂಶ ಎಳೆದುಕೊಂಡು ಬರುತ್ತದೆ ಎಂದು ಹೇಳಿದೆ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡಬಾರದು, ಕಲಾಯಿ ಹಾಕಿಸಬೇಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಲೋಹ ಬಿಟ್ಟುಕೊಳ್ಳುತ್ತದೆ ಅಂದ ತಕ್ಷಣ ಅರ್ಥ ಮಾಡಿಕೊಂಡರು.

ಇನ್ನೊಂದು: ಕುದಿಸಿದರೆ ಸೀಸ ಹೋಗುವುದಿಲ್ಲ. ಕ್ರಿಮಿ ಸಾಯುತ್ತದೆ, ಸೀಸ ಅಲ್ಲೇ ಇರುತ್ತದೆ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಯಾವ ಫಿಲ್ಟರ್ ಹಾಕಿಸಲಿ?

ಎನ್‌ಎಸ್‌ಎಫ್ 53 ಗುರುತಿದ್ದು, ಜೊತೆಗೆ ಸೀಸ ತೆಗೆಯುತ್ತದೆ ಎಂದು ಹೆಸರಿಟ್ಟು ಬರೆದಿರಬೇಕು. ಬರೀ 42 ಇದ್ದರೆ ಅದು ರುಚಿ, ವಾಸನೆಗೆ ಮಾತ್ರ. ಆರ್‌ಒ ಆದರೆ 58. ಕಾರ್ಟ್ರಿಜ್ ಬದಲಾಯಿಸುವ ದಿನ ಮರೆಯಬೇಡಿ.

ಫಿಟ್ಟಿಂಗ್ ಸರಿ ಇದ್ದರೆ ಮುಗಿಯಿತಾ? ಫ್ಲಿಂಟ್‌ನಲ್ಲಿ ಆಗಿದ್ದೇನು?

ಮುಗಿಯಲಿಲ್ಲ. ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ 2014ರ ಏಪ್ರಿಲ್ ತನಕ ಡೆಟ್ರಾಯಿಟ್ ಕಡೆಯಿಂದ ನೀರು ಬರುತ್ತಿತ್ತು. ದುಡ್ಡು ಉಳಿಸಲು ಫ್ಲಿಂಟ್ ನದಿಯ ನೀರಿಗೆ ಬದಲಾಯಿಸಿದರು. ಪೈಪಿನ ಒಳಗೆ ತೆಳುವಾದ ಪದರ ಕಟ್ಟಿ ಸೀಸ ಕರಗದಂತೆ ತಡೆಯುವ ಫಾಸ್ಫೇಟನ್ನು ಆ ನೀರಿಗೆ ಬೆರೆಸಲೇ ಇಲ್ಲ. ಹಳೆಯ ಪದರ ಕಳಚಿತು, ಸೀಸ ನೀರಿಗೆ ಇಳಿಯಿತು. ಪೈಪು ಅದೇ, ನಲ್ಲಿ ಅದೇ, ಬದಲಾದದ್ದು ನೀರು. 2015ರ ಅಕ್ಟೋಬರಿನಲ್ಲಿ ಹಳೆಯ ನೀರಿಗೆ ವಾಪಸು ಬರುವ ಹೊತ್ತಿಗೆ ಮಕ್ಕಳ ರಕ್ತದಲ್ಲಿ ಸೀಸ ಏರಿತ್ತು. ನೀರು ಕೆಂಪಾಗಿದೆ, ವಾಸನೆ ಇದೆ ಎಂದು ತಾಯಂದಿರು ಬಾಟಲಿ ಹಿಡಿದು ತಿಂಗಳುಗಟ್ಟಲೆ ಅಲೆದಾಡಿದರು. ನಲ್ಲಿಯ ಮೇಲಿನ ಯಾವ ಚೀಟಿಯೂ ಅದನ್ನು ಹೇಳುವಂತಿರಲಿಲ್ಲ.

ನಿಮ್ಮ ಊರಿನ ನೀರಿನವರು ವರ್ಷಕ್ಕೊಮ್ಮೆ ಗುಣಮಟ್ಟದ ವರದಿ ಕೊಡುತ್ತಾರೆ. ಅದರಲ್ಲಿ ಸೀಸದ ಸಾಲು ಓದಿ.

ನಮ್ಮ ಮನೆಗಳಲ್ಲಿ ಸೀಸ ಬೇರೆ ಎಲ್ಲಿಂದ ಬರುತ್ತದೆ?

ನಲ್ಲಿಯ ಚೀಟಿ ನೋಡಿ ಗಾಬರಿಯಾಗುವವರು ಈ ಪ್ರಶ್ನೆ ಕೇಳುವುದಿಲ್ಲ, ಕೇಳಬೇಕು. ಊರಿನಿಂದ ಸೂಟ್‌ಕೇಸಿನಲ್ಲಿ ಬರುವ ಸಾಮಾನಿಗೆ ಯಾವ ಚೀಟಿಯೂ ಇರುವುದಿಲ್ಲ. ಹೊರದೇಶದಿಂದ ಬರುವ ಕೆಲವು ಇಂಡಾಲಿಯಂ, ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆಗಳು ಅಡುಗೆಗೆ ಸೀಸ ಬಿಡಬಹುದು ಎಂದು ಅಮೆರಿಕದಲ್ಲಿ ಆಹಾರ, ಔಷಧಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2025ರಲ್ಲಿ ಎಚ್ಚರಿಸಿದೆ. ಕೆಲವು ಸಿಂಧೂರದ ಪುಡಿಯಲ್ಲಿ ಸೀಸ ಸಿಕ್ಕಿದೆ. ಬಣ್ಣ ಬರಲಿ ಎಂದು ಲೆಡ್ ಕ್ರೋಮೇಟ್ ಬೆರೆಸಿದ ಅರಿಸಿನ ಸಿಕ್ಕಿದೆ. ಕೆಲವು ಭಸ್ಮದ ಔಷಧಿಗಳಲ್ಲೂ ಇದೆ. ಅಜ್ಜಿ ಕಾಲದ ಪಾತ್ರೆ ಎಂದು ಪ್ರೀತಿಯಿಂದ ತಂದಿಟ್ಟಿದ್ದರೆ ಇಟ್ಟುಕೊಳ್ಳಿ, ಅದರಲ್ಲಿ ಹುಣಸೆಹುಳಿ ಕುದಿಸಬೇಡಿ.

ಊರಿನ ಮನೆಗೆ ಏನು ಮಾಡಲಿ? ಅಲ್ಲಿ ಈ ಗುರುತು ಸಿಗುವುದಿಲ್ಲವಲ್ಲ?

ಊರಿನಲ್ಲಿ ಪೈಪಿನ ಕಡೆಗೂ ನೋಡಬೇಕು. ಪಿವಿಸಿ ಗಟ್ಟಿಯಾಗಿ ಉಳಿಯಲು ಸೀಸದ ಸ್ಟೆಬಿಲೈಸರ್ ಹಾಕುತ್ತಿದ್ದರು. ಅದನ್ನು ತಡೆಯಲು ಭಾರತ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಹೊಸ ಕೆಲಸಕ್ಕೆ ಐಎಸ್ಐ ಗುರುತಿರುವ, ಸೀಸರಹಿತ ಎಂದು ಪೈಪಿನ ಮೇಲೇ ಅಚ್ಚಾಗಿರುವುದನ್ನು ಕೇಳಿ ತೆಗೆದುಕೊಳ್ಳಿ. ನಲ್ಲಿ ಕೂರಿಸುವ ಕಡೆ ಹಾಕುವ ಬ್ರಾಸ್ ಎಲ್ಬೋ, ಬ್ರಾಸ್ ಟೀಗಳಲ್ಲಿ ಇರುವುದು ಹಿತ್ತಾಳೆಯೇ, ಅದು ನೆನಪಿರಲಿ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಎಂದು ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಹೇಳುತ್ತದೆ. ಅಮೆರಿಕದ ಹೊಸ ಮಟ್ಟವೂ ಅಷ್ಟೇ.

ಬೆಂಗಳೂರಿನವರಿಗೆ ಒಂದು ಅನುಕೂಲ ಇದೆ. ಸೀಸದ ವಿಷಕ್ಕೆ ರಾಷ್ಟ್ರೀಯ ಕೇಂದ್ರವೊಂದನ್ನು ಅಲ್ಲಿನ ಸೇಂಟ್ ಜಾನ್ಸ್ ಸಂಸ್ಥೆಯಲ್ಲಿ ಕಟ್ಟಿದ್ದಾರೆ. ಡಾ. ತುಪ್ಪಿಲ್ ವೆಂಕಟೇಶ್ ಈ ಕೆಲಸಕ್ಕೇ ತಮ್ಮ ಬದುಕು ಕೊಟ್ಟವರು. ಭಾರತದ "ಲೆಡ್ ಮ್ಯಾನ್" ಎಂದೇ ಅವರನ್ನು ಕರೆಯುತ್ತಾರೆ. ಬಣ್ಣ, ಬ್ಯಾಟರಿ, ಪಾತ್ರೆ, ಎಲ್ಲದರ ಸೀಸದ ಬಗ್ಗೆಯೂ ಅವರು ಮಾತಾಡಿದ್ದಾರೆ.

ಮಗುವಿಗೆ ರಕ್ತ ಪರೀಕ್ಷೆ ಮಾಡಿಸಬೇಕಾ?

ಅನುಮಾನ ಇದ್ದರೆ ಮಾಡಿಸಿ. ಮಗುವಿಗೆ ಒಂದು ವರ್ಷ ಆದಾಗ ಒಮ್ಮೆ, ಎರಡು ವರ್ಷ ಆದಾಗ ಇನ್ನೊಮ್ಮೆ ಮಾಡುವುದು ಇಲ್ಲಿ ರೂಢಿ, ನೀವೇ ಡಾಕ್ಟರನ್ನು ಕೇಳಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2021ರಿಂದ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಅನ್ನು ಗಮನಿಸಬೇಕಾದ ಮಟ್ಟ ಎಂದು ಇಟ್ಟಿದೆ. ಅದರೊಳಗೆ ಇದ್ದರೆ ಸುರಕ್ಷಿತ ಎಂದಲ್ಲ, ಮಕ್ಕಳಿಗೆ ಸುರಕ್ಷಿತ ಅನ್ನುವ ಮಟ್ಟವೇ ಇಲ್ಲ. ಸೀಸ ಮೂಳೆಯಲ್ಲಿ ಕೂತು ಎಷ್ಟೋ ವರ್ಷ ಇರುತ್ತದೆ. ಬಸುರಿಯಾದಾಗ ಅಲ್ಲಿಂದ ರಕ್ತಕ್ಕೆ ಬಂದು ಮಗುವಿಗೂ ಹೋಗುತ್ತದೆ.

ಹಾಗಾದರೆ ಪ್ರಾಪ್ 65 ತೆಗೆದುಹಾಕಬೇಕು ಅಂತೀರಾ?

ಇಲ್ಲ. ತೆಗೆಯಬಾರದು, ಚೀಟಿಗೆ ಬೆಲೆ ಬರುವ ಹಾಗೆ ಮಾಡಬೇಕು. 2018ರ ಆಗಸ್ಟಿನಿಂದ ರಾಸಾಯನಿಕದ ಹೆಸರು ಹೇಳಬೇಕು ಎಂದು ತಿದ್ದುಪಡಿ ಬಂತು. ಆದರೆ ಚಿಕ್ಕ ಚೀಟಿಗೆ ಹೆಸರಿಲ್ಲದೆಯೂ ನಡೆಯುತ್ತಿತ್ತು, ಎಲ್ಲರೂ ಅದನ್ನೇ ಹಿಡಿದುಕೊಂಡರು. 2025ರ ಜನವರಿಯಿಂದ ಚಿಕ್ಕ ಚೀಟಿಯಲ್ಲೂ ಒಂದಾದರೂ ಹೆಸರು ಇರಬೇಕು ಎಂದು ಹೊಸ ನಿಯಮ ಬಂದಿದೆ. ಹಳೆಯ ಚೀಟಿ ಬದಲಾಯಿಸಲು 2028ರ ತನಕ ಸಮಯ ಕೊಟ್ಟಿದ್ದಾರೆ. ಒಳ್ಳೆಯ ಹೆಜ್ಜೆ. ನನ್ನ ಕೈಯಲ್ಲಿದ್ದರೆ ಇನ್ನೊಂದು ಮಾಡುತ್ತಿದ್ದೆ. ಎನ್‌ಎಸ್‌ಎಫ್ 61, ಕ್ಯೂ ≤ 1 ಪಾಸಾದ ನಲ್ಲಿಗೆ ತ್ರಿಕೋನ ಬೇಕಿಲ್ಲ ಎಂದು ಬಿಟ್ಟುಕೊಡುತ್ತಿದ್ದೆ. "ಕುಡಿಯುವ ನೀರಿಗಲ್ಲ" ಅನ್ನುವ ಸಾಲನ್ನು ಆ ತ್ರಿಕೋನದಷ್ಟೇ ದಪ್ಪಗೆ ಪೊಟ್ಟಣದ ಮುಂದೆ ಹಾಕಿಸುತ್ತಿದ್ದೆ.

ಬಿಚ್ಚಿದ ಹಳೆಯ ಹಿತ್ತಾಳೆ ಫಿಟ್ಟಿಂಗ್ ಏನು ಮಾಡಲಿ?

ಮಕ್ಕಳ ಕೈಗೆ ಸಿಗದ ಹಾಗೆ ಡಬ್ಬಿಯಲ್ಲಿಡಿ, ಗುಜರಿಗೆ ಕೊಡಿ, ತೂಕಕ್ಕೆ ಒಳ್ಳೆಯ ದುಡ್ಡು ಬರುತ್ತದೆ. ಹೊಸ ಲೆಡ್ ಫ್ರೀ ತುಂಡುಗಳನ್ನು ಅದರ ಜೊತೆ ಬೆರೆಸಬೇಡಿ. ಬಿಸ್ಮತ್ ಇರುವ ಚೂರು ಮಾಮೂಲಿ ಹಿತ್ತಾಳೆಯ ಕುಲುಮೆಗೆ ಸೇರಿದರೆ ಎರಕ ಬಿರುಕು ಬಿಡುತ್ತದೆ. ಎರಡು ಡಬ್ಬಿ ಇಡಿ, ಎಲ್‌ಎಫ್ ಅಕ್ಷರ ಇರುವುದು ಒಂದರಲ್ಲಿ, ಇಲ್ಲದ್ದು ಇನ್ನೊಂದರಲ್ಲಿ. ಬಿಚ್ಚಿದ ಮೇಲೆ ಸೋಪು ಹಾಕಿ ಕೈ ತೊಳೆದು ಊಟಕ್ಕೆ ಕೂರಿ.